ಏರ್ ಬೆಡ್ಡೋ ಫೋಮೋ, ಹೋಂ ನರ್ಸೋ ಊರಿನ ಅಕ್ಕನೋ: ಕೊಡಗಿನ ಮಳೆಗಾಲದಲ್ಲಿ ಹಿರಿಯರ ಆರೈಕೆ

ಪಾರ್ಶ್ವವಾಯು ಬಡಿದು ಒಂದು ಕಡೆ ಸ್ವಾಧೀನ ಇಲ್ಲದವರು, ಸೊಂಟದ ಮೂಳೆ ಮುರಿದ ಮೇಲೆ ನಡಿಗೆ ಕೂಡಿಬರದವರು ಮನೆಯಲ್ಲಿದ್ದರೆ ಕೊಳ್ಳಬೇಕಾದ ಸಾಮಾನಿನ ಪಟ್ಟಿ ಎಲ್ಲ ಕಡೆಯೂ ಒಂದೇ. ಆದರೆ ಅಂಗಡಿಯಲ್ಲಿ ತೋರಿಸುವುದೆಲ್ಲ ಮೈಸೂರಿನ ಫ್ಲ್ಯಾಟಿಗೆ ಹೇಳಿ ಮಾಡಿಸಿದ್ದು. ಇಲ್ಲಿ ಮನೆ ಇಳಿಜಾರಿನಲ್ಲಿರುತ್ತದೆ, ಬಚ್ಚಲಿಗೆ ಎರಡು ಮೆಟ್ಟಿಲು ಇಳಿಯಬೇಕು, ಲೈನ್ ಮೇಲೆ ಮರ ಬಿತ್ತೆಂದರೆ ಎರಡು ಮೂರು ದಿನ ಕರೆಂಟಿಲ್ಲ. ಮಾರ್ಚ್‌ನಲ್ಲಿ ಒಳ್ಳೆಯದೆನಿಸಿದ್ದು ಜುಲೈನಲ್ಲಿ ಕೈಕೊಡುವುದು ಇದರಿಂದಲೇ. ಕೆಳಗಿನ ಹೋಲಿಕೆಯಲ್ಲಿ ನಾವು ಅಂಕ ಕೊಟ್ಟಿರುವುದು ಜುಲೈ ತಿಂಗಳ ಲೆಕ್ಕದಲ್ಲಿ.

ಏರ್ ಬೆಡ್, ಫೋಮ್, ಹತ್ತಿ ಹಾಸಿಗೆ

ಹತ್ತಿ ಹಾಸಿಗೆಯನ್ನು ಮೊದಲೇ ಬದಿಗಿಡೋಣ. ಬೂರುಗದ ಹತ್ತಿಯಾಗಲಿ ಮಾಮೂಲಿ ಅರಳೆಯಾಗಲಿ, ಒಂದೇ ಜಾಗದಲ್ಲಿ ಮಲಗಿದರೆ ಗಂಟುಕಟ್ಟುತ್ತದೆ. ಆ ಗಂಟು ಸೊಂಟದ ಹಿಂಭಾಗದ ಮೂಳೆಗೆ ಒತ್ತಿ ಚರ್ಮ ಕೆಡಿಸುತ್ತದೆ. ಮಳೆಯಲ್ಲಿ ಒಮ್ಮೆ ಒದ್ದೆಯಾದರೆ ಒಣಗುವ ಮಾತೇ ಇಲ್ಲ.

ಏರ್ ಬೆಡ್‌ನಲ್ಲಿ ಎರಡು ಬಗೆ. ಗುಳ್ಳೆ ಗುಳ್ಳೆಯಾಗಿರುವ ಬಬಲ್ ಹಾಸಿಗೆ ಅಗ್ಗ. ಉದ್ದುದ್ದ ಕೊಳವೆ ಜೋಡಿಸಿದ ಟ್ಯೂಬುಲರ್ ಹಾಸಿಗೆಗೆ ಬೆಲೆ ಹೆಚ್ಚು. ಎರಡರಲ್ಲೂ ಪಂಪ್ ಕೆಲವು ನಿಮಿಷಕ್ಕೊಮ್ಮೆ ಒಂದು ಸಾಲಿಗೆ ಗಾಳಿ ತುಂಬಿ ಇನ್ನೊಂದು ಸಾಲನ್ನು ಇಳಿಸುತ್ತದೆ, ಹಾಗಾಗಿ ಮೈಯ ಒಂದೇ ಜಾಗದ ಮೇಲೆ ಭಾರ ನಿಲ್ಲುವುದಿಲ್ಲ. ಸಣಕಲು ಮೈಯವರಿಗೆ ಬಬಲ್ ಸಾಕಾಗಬಹುದು. ಎಪ್ಪತ್ತು ಕಿಲೋ ತೂಗುವವರ ಸೊಂಟ ಬಬಲ್ ಹಾಸಿಗೆಯ ತಳಕ್ಕೇ ತಾಗುತ್ತದೆ, ಅವರಿಗೆ ಟ್ಯೂಬುಲರ್ ಇಲ್ಲದೆ ಆಗದು. ತಾಗಿದೆಯೇ ಎಂದು ತಿಳಿಯಲು ಅವರು ಮಲಗಿರುವಾಗಲೇ ಸೊಂಟದ ನೇರಕ್ಕೆ, ಏರ್ ಬೆಡ್ಡಿನ ಅಡಿಗೆ, ಅಂಗೈ ಮೇಲ್ಮುಖವಾಗಿ ತೂರಿಸಿ. ಮೂಳೆಗೂ ಕೈಗೂ ನಡುವೆ ಒಂದು ಇಂಚಿನಷ್ಟಾದರೂ ಗಾಳಿ ಸಿಗಬೇಕು. ಸಿಗದಿದ್ದರೆ ಪಂಪಿನ ಗುಂಡಿಯನ್ನು ಮೇಲಕ್ಕೆ ತಿರುಗಿಸಿ. ಆದರೂ ಸಿಗದಿದ್ದರೆ ಎಲ್ಲೋ ಸೋರುತ್ತಿದೆ. ಸೋಪಿನ ನೀರು ಸವರಿದರೆ ಗುಳ್ಳೆ ಏಳುವ ಕಡೆ ತೂತು ಕಾಣುತ್ತದೆ. ತೋಟದ ಮನೆಗಳಲ್ಲಿ ಹೆಚ್ಚಾಗಿ ಅದು ಇಲಿಯ ಕೆಲಸ. ಗಾಳಿಯ ಪೈಪನ್ನು ನೆಲದ ಮೇಲೆ ಬಿಡದೆ ಮಂಚಕ್ಕೆ ಕಟ್ಟಿ.

ಇಷ್ಟೆಲ್ಲ ಸರಿಯಿದ್ದರೂ ಏರ್ ಬೆಡ್ ಸೋಲುವುದು ಕರೆಂಟಿನ ಮುಂದೆ. ಪಂಪ್ ಎಳೆಯುವುದು ಒಂದು ಎಲ್‌ಇಡಿ ಬಲ್ಬಿನಷ್ಟೇ, ಹತ್ತು ವಾಟ್ ಆಸುಪಾಸು. ಇನ್ವರ್ಟರಿಗೆ ಅದು ಭಾರವಲ್ಲ. ಆದರೆ ಅದೇ ಇನ್ವರ್ಟರಿಗೆ ಟಿವಿ, ಫ್ಯಾನು, ನಾಲ್ಕು ದೀಪ ನೇತುಹಾಕಿದ್ದರೆ ಮೊದಲ ರಾತ್ರಿಗೇ ಬ್ಯಾಟರಿ ಖಾಲಿ, ಮರುದಿನ ಚಾರ್ಜ್ ಮಾಡಲು ಕರೆಂಟೇ ಇರುವುದಿಲ್ಲ. ಗಾಳಿ ಇಳಿದ ಏರ್ ಬೆಡ್ ಎಂದರೆ ಬರೀ ಹಲಗೆಯ ಮೇಲೆ ಪ್ಲಾಸ್ಟಿಕ್ ಹಾಸಿದಂತೆ. ಹೀಗಾಗಿ ಏರ್ ಬೆಡ್ ಕೆಳಗೆ ನಾಲ್ಕು ಇಂಚಿನ ಫೋಮ್ ಇರಲೇಬೇಕು, ಪಂಪಿಗೆ ಪ್ರತ್ಯೇಕ ಸಣ್ಣ ಬ್ಯಾಟರಿ ಇದ್ದರೆ ಇನ್ನೂ ಒಳ್ಳೆಯದು. ಮೇಲೆ ತೆಳ್ಳನೆಯ ಹತ್ತಿಯ ಒಂದೇ ಬೆಡ್‌ಶೀಟ್ ಸಾಕು, ಅದನ್ನೂ ಬಿಗಿಯಾಗಿ ಎಳೆದು ಸಿಕ್ಕಿಸಬಾರದು. ಚಳಿ ಎಂದು ಅಡಿಗೆ ಕಂಬಳಿ ಮಡಚಿ ಹಾಕಿದರೆ ಹಾಸಿಗೆಗೆ ಕೊಟ್ಟ ದುಡ್ಡು ದಂಡ. ಕಂಬಳಿ ಇರಬೇಕಾದ್ದು ಮೈಮೇಲೆ.

ಒಳ್ಳೆ ಸಾಂದ್ರತೆಯ ಫೋಮ್‌ಗೆ ಕರೆಂಟಿನ ಹಂಗಿಲ್ಲ, ಇಲಿಯ ಕಾಟವೂ ಅಷ್ಟಿಲ್ಲ. ಅದರ ಶತ್ರು ಮೂತ್ರ. ಒಳಗೆ ಇಳಿದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾಸನೆ ಹೋಗದು, ಬೂಷ್ಟು ಹಿಡಿಯುತ್ತದೆ. ಪೂರ್ತಿ ಮುಚ್ಚುವ ರೆಕ್ಸಿನ್ ಕವರ್ ಹೊಲಿಸಿ, ಜಿಪ್ ಕೆಳಮುಖವಾಗಿರಲಿ. ಇನ್ನೊಂದು ಷರತ್ತು, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ರಾತ್ರಿಯೂ ಸೇರಿ. ಪೂರ್ತಿ ಪಕ್ಕಕ್ಕೆ ಉರುಳಿಸಬೇಡಿ, ಸೊಂಟದ ಪಕ್ಕದ ಮೂಳೆಗೆ ಭಾರ ಬೀಳುತ್ತದೆ. ಬೆನ್ನ ಹಿಂದೆ ದಿಂಬು ಕೊಟ್ಟು ಸುಮಾರು ಮೂವತ್ತು ಡಿಗ್ರಿ ವಾಲಿಸಿದರೆ ಸಾಕು. ಮೊಣಕಾಲುಗಳ ನಡುವೆ ಒಂದು ದಿಂಬು, ಮೀನಖಂಡದ ಅಡಿಗೆ ಇನ್ನೊಂದು, ಹಿಮ್ಮಡಿ ಗಾಳಿಯಲ್ಲಿ ತೇಲಬೇಕು. ಏರ್ ಬೆಡ್ ಹಾಕಿದ ಮೇಲೆ ಮಗ್ಗುಲು ಬದಲಿಸಬೇಕಿಲ್ಲ ಎಂದು ಎಷ್ಟೋ ಮನೆಯವರು ನಂಬಿದ್ದಾರೆ. ಅದು ತಪ್ಪು. ಅಂತರ ಮೂರು ನಾಲ್ಕು ಗಂಟೆಗೆ ಹಿಗ್ಗಬಹುದು, ಅಷ್ಟೇ.

ಯಾವ ಹಾಸಿಗೆಯಾದರೂ ದಿನಕ್ಕೆರಡು ಸಲ ಚರ್ಮ ನೋಡಬೇಕು. ಕೆಂಪಾದ ಜಾಗವನ್ನು ಬೆರಳಿನಲ್ಲಿ ಒತ್ತಿ ಬಿಡಿ. ಬಿಳಿಚಿಕೊಂಡು ಮತ್ತೆ ಕೆಂಪಾದರೆ ಸದ್ಯಕ್ಕೆ ಪಾರು. ಒತ್ತಿದರೂ ಬಣ್ಣ ಬದಲಾಗದಿದ್ದರೆ ಹಾಸಿಗೆ ಹುಣ್ಣು ಶುರುವಾಗಿದೆ ಎಂದರ್ಥ. ಕಪ್ಪು ಚರ್ಮದಲ್ಲಿ ಕೆಂಪು ಕಾಣಿಸದು. ಸುತ್ತಲಿಗಿಂತ ಬಿಸಿಯೋ ಗಟ್ಟಿಯೋ ಆಗಿದೆಯಾ ಎಂದು ಮುಟ್ಟಿ ನೋಡಬೇಕು. ಅಲ್ಲಿ ಎಣ್ಣೆ ಹಾಕಿ ತಿಕ್ಕುವುದು ಬೇಡ, ಒಳಗಿನ ಮಾಂಸ ಇನ್ನಷ್ಟು ನಲುಗುತ್ತದೆ. ಗಾಳಿ ತುಂಬಿದ ಉಂಗುರದ ಟ್ಯೂಬೂ ಬೇಡ, ಅಂಚು ಒತ್ತಿ ನಡುವಿನ ಜಾಗಕ್ಕೆ ರಕ್ತ ಹರಿಯದಂತೆ ಮಾಡುತ್ತದೆ.

ನಮ್ಮ ಆಯ್ಕೆ: ರಾತ್ರಿ ಏಳಲು ಇಬ್ಬರಿರುವ ಮನೆಗೆ ಫೋಮ್. ಒಬ್ಬರೇ ನೋಡಿಕೊಳ್ಳುವ ಮನೆಗೆ ಟ್ಯೂಬುಲರ್, ಅಡಿಗೆ ಫೋಮ್ ಸಹಿತ.

ಬಚ್ಚಲಿಗೆ ಕರೆದೊಯ್ಯುವುದೋ, ಕಮೋಡ್ ಕುರ್ಚಿಯೋ

ಹಳೆ ಮನೆಗಳ ಬಚ್ಚಲಿಗೂ ಮಲಗುವ ಕೋಣೆಗೂ ನಡುವೆ ಕಾವಿ ನೆಲ, ಹೊಸ್ತಿಲು, ಮೆಟ್ಟಿಲು ಎಲ್ಲವೂ ಇರುತ್ತವೆ. ಇಂಡಿಯನ್ ಕಕ್ಕಸಿನ ಮೇಲಿಡುವ ಕಬ್ಬಿಣದ ಕಮೋಡ್ ಸ್ಟೂಲ್ ಅಗ್ಗವೇನೋ ಹೌದು, ಆದರೆ ಕಾಲಿಡುವ ಕಲ್ಲು ಎತ್ತರವಿದ್ದು ಸುತ್ತಲಿನ ನೆಲ ತಗ್ಗಿದ್ದರೆ ನಾಲ್ಕು ಕಾಲೂ ಸಮನಾಗಿ ಊರುವುದಿಲ್ಲ. ಒಂದು ಕಾಲು ಅಲ್ಲಾಡಿದರೂ ಅದರಲ್ಲಿ ಕೂರಿಸಬೇಡಿ.

ಕೋಣೆಯಲ್ಲೇ ಇಡುವ ಬಕೆಟ್ ಇರುವ ಕಮೋಡ್ ಕುರ್ಚಿ ನಮಗೆ ಮೇಲೆನಿಸುತ್ತದೆ, ಅದರಲ್ಲೂ ಚಕ್ರ ಇಲ್ಲದ್ದು. ಚಕ್ರದ ಕುರ್ಚಿ ಹೊಸ್ತಿಲು ದಾಟದು, ಒದ್ದೆ ಕಾವಿ ನೆಲದಲ್ಲಿ ಬ್ರೇಕ್ ಹಾಕಿದರೂ ಜಾರುತ್ತದೆ. ಆಸನದ ಎತ್ತರ ಮೊಣಕಾಲ ಹಿಂಭಾಗದಿಂದ ನೆಲದವರೆಗಿನ ಅಳತೆಗೆ ಹೊಂದಬೇಕು, ಸಾಮಾನ್ಯವಾಗಿ 45 ಸೆಂಟಿಮೀಟರ್ ಹತ್ತಿರ. ಪಾದ ಪೂರ್ತಿ ಊರದಿದ್ದರೆ ಮುಕ್ಕಲು ಬಲ ಬಾರದು, ಏಳಲೂ ಆಗದು. ಸೊಂಟದ ಆಪರೇಷನ್ ಆದವರಿಗೆ ಮಾತ್ರ ಇನ್ನೂ ಸ್ವಲ್ಪ ಎತ್ತರ. ಪಾರ್ಶ್ವವಾಯುವಿನವರಾದರೆ ಕುರ್ಚಿಯನ್ನು ಅವರ ಸ್ವಾಧೀನವಿರುವ ಕಡೆಗೇ ಇಡಿ. ಬಕೆಟ್‌ನಲ್ಲಿ ಮೊದಲೇ ಎರಡು ಲೋಟ ನೀರು, ಒಂದು ಮುಚ್ಚಳ ಫಿನೈಲ್ ಹಾಕಿಟ್ಟರೆ ತೊಳೆಯುವುದು ಸಲೀಸು. ಬಣ್ಣ ಬಳಿದ ಕಬ್ಬಿಣಕ್ಕೆ ಇಲ್ಲಿಯ ತೇವದಲ್ಲಿ ಮೊದಲು ವೆಲ್ಡಿಂಗ್ ಕೀಲಿನಲ್ಲೇ ತುಕ್ಕು ಹತ್ತುತ್ತದೆ, ಸ್ಟೀಲ್ ಅಥವಾ ಅಲ್ಯುಮಿನಿಯಂ ತಗೊಳ್ಳಿ. ಕಾಲಿನ ರಬ್ಬರ್ ಬುಷ್ ಸವೆದ ಕೂಡಲೇ ಬದಲಿಸಬೇಕು.

ಡೈಪರ್ ರಾತ್ರಿಗೆ ಸರಿ. ಹಗಲೂ ಅದನ್ನೇ ಹಾಕಿದರೆ ಚರ್ಮ ಕೊಳೆಯುವುದಲ್ಲದೆ, ಬಳಸಿದ್ದನ್ನು ಏನು ಮಾಡುವುದು ಎಂಬ ಪ್ರಶ್ನೆ ಬರುತ್ತದೆ. ತೋಟದ ಮನೆಗೆ ಕಸದ ಗಾಡಿ ಬರುವುದಿಲ್ಲ, ಒದ್ದೆ ಡೈಪರ್ ಉರಿಯುವುದಿಲ್ಲ, ಹೂತರೆ ಕರಗುವುದಿಲ್ಲ. ಬಟ್ಟೆಯದು ಬಚ್ಚಲ ಒಲೆಯ ಮೇಲೆ ಹರವಿದರೂ ಸರಿಯಾಗಿ ಒಣಗದು. ಗಂಡಸರಿಗೆ ಯೂರಿನ್ ಪಾಟ್ ಕೈಗೆ ಸಿಗುವಂತೆ ಮಂಚಕ್ಕೆ ತೂಗುಹಾಕುವುದೇ ಲೇಸು.

ಹಿಡಿಕೆ ಹಾಕಿಸುವವರು ಗೋಡೆ ಯಾವುದೆಂದು ಮೊದಲು ನೋಡಿ. ಸಿಮೆಂಟ್ ಗೋಡೆಗೆ ಆಂಕರ್ ಬೋಲ್ಟ್ ಹಿಡಿಯುತ್ತದೆ. ಮಣ್ಣಿನ ಇಟ್ಟಿಗೆಯ ಗೋಡೆಯಾದರೆ ಮೈಭಾರ ಬಿದ್ದ ದಿನ ಹಿಡಿಕೆ ಸಮೇತ ಕಿತ್ತುಬರುತ್ತದೆ; ಗೋಡೆಯಿಂದಾಚೆಗೆ ತೂರುವ ಉದ್ದ ಬೋಲ್ಟ್ ಹಾಕಿ ಆ ಬದಿಗೆ ಕಬ್ಬಿಣದ ಪಟ್ಟಿ ಕೊಟ್ಟು ಬಿಗಿಯಬೇಕು.

ಇಳಿಜಾರು ಹಾದಿ, ಮೆಟ್ಟಿಲು, ಗಾಲಿಕುರ್ಚಿ

ಒಂದಡಿ ಎತ್ತರಕ್ಕೆ ಹನ್ನೆರಡಡಿ ಉದ್ದ, ಇದು ರ‍್ಯಾಂಪಿನ ಲೆಕ್ಕ. ಅಂಗಳದಿಂದ ಜಗಲಿಗೆ ಆರಾರು ಇಂಚಿನ ಐದು ಮೆಟ್ಟಿಲಿದ್ದರೆ ಮೂವತ್ತಡಿ ರ‍್ಯಾಂಪ್ ಬೇಕು. ಅಷ್ಟು ಜಾಗ ನಮ್ಮ ಬಹುಪಾಲು ಮನೆಗಳಿಗಿಲ್ಲ. ಇದ್ದ ಜಾಗಕ್ಕೆ ಕಡಿದಾಗಿ ಕಟ್ಟಿಸಿದರೆ ಆಗಸ್ಟ್ ಹೊತ್ತಿಗೆ ಪಾಚಿ ಕಟ್ಟಿ ಜಾರುಬಂಡೆ. ಕೈಹಿಡಿದು ನಡೆಯಬಲ್ಲವರಿಗೆ ರ‍್ಯಾಂಪಿಗಿಂತ ಮೆಟ್ಟಿಲೇ ವಾಸಿ: ಪ್ರತಿ ಮೆಟ್ಟಿಲಿನ ಅರ್ಧಕ್ಕೆ ಮೂರಿಂಚಿನ ಇನ್ನೊಂದು ಮೆಟ್ಟಿಲು, ಎರಡೂ ಬದಿಗೆ ಪೈಪ್ ಕಂಬಿ, ಹದಿನೈದು ದಿನಕ್ಕೊಮ್ಮೆ ಬ್ಲೀಚಿಂಗ್ ಪುಡಿ ಹಾಕಿ ಉಜ್ಜುವುದು. ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಸೋತ ಕಾಲು ಮೊದಲು.

ಗಾಲಿಕುರ್ಚಿ ಒಳಗೆ ಓಡಾಡಲು ಸರಿ, ಕೊಳ್ಳುವ ಮುನ್ನ ಬಾಗಿಲು ಅಳೆಯಿರಿ. ಹದಿನೆಂಟು ಇಂಚಿನ ಆಸನದ ಕುರ್ಚಿ ಹೊರಗಿನ ಅಳತೆಗೆ ಇಪ್ಪತ್ತೈದು ಇಂಚಿನ ಹತ್ತಿರ ಬರುತ್ತದೆ. ಎರಡಡಿ ಬಾಗಿಲಲ್ಲಿ ನುಗ್ಗದು. ಒಂದು ಕೈಗೆ ಶಕ್ತಿ ಇಲ್ಲದವರಿಗೆ ವಾಕರ್ ಕೊಡಿಸುವುದು ಬಹಳ ಕಡೆ ನಡೆಯುವ ದಂಡದ ಖರ್ಚು. ವಾಕರ್‌ಗೆ ಎರಡು ಕೈ ಬೇಕು. ಅವರಿಗೆ ಬೇಕಾದ್ದು ನಾಲ್ಕು ಕಾಲಿನ ಊರುಗೋಲು, ಗಟ್ಟಿ ಕೈಗೆ. ಕೈ ಇಳಿಬಿಟ್ಟು ನಿಂತಾಗ ಹಿಡಿಕೆ ಮಣಿಕಟ್ಟಿನ ಮಟ್ಟಕ್ಕಿರಬೇಕು.

ಹೋಂ ನರ್ಸ್, ಊರಿನ ಅಕ್ಕ

ಏಜೆನ್ಸಿಯಿಂದ ಬರುವ ಹೋಂ ನರ್ಸ್ ಮನೆಯಲ್ಲೇ ಇರುತ್ತಾರೆ. ಮಗ್ಗುಲು ಬದಲಿಸುವುದು, ಸ್ಪಾಂಜ್ ಬಾತ್, ಮೂಗಿನ ಟ್ಯೂಬಿನಲ್ಲಿ ಆಹಾರ ಕೊಡುವುದು ಬಲ್ಲವರೂ ಸಿಗುತ್ತಾರೆ. ಹೆಸರಿಗೆ ನರ್ಸ್ ಎಂದಿದ್ದರೂ ಬಹಳಷ್ಟು ಮಂದಿ ನರ್ಸಿಂಗ್ ಓದಿದವರಲ್ಲ. ಇಂಜೆಕ್ಷನ್ ಕೊಡುವುದನ್ನು, ಮೂತ್ರದ ಕೊಳವೆ (ಕ್ಯಾಥೆಟರ್) ಬದಲಿಸುವುದನ್ನು ಅವರಿಂದ ಮಾಡಿಸಬಾರದು. ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಕೇಳಬೇಕಾದ್ದು ಮೂರು: ಬಿಟ್ಟುಹೋದರೆ ಎಷ್ಟು ದಿನದಲ್ಲಿ ಬದಲಿ ಕೊಡುತ್ತೀರಿ, ಕಮಿಷನ್ ಮತ್ತೆ ಕೊಡಬೇಕಾ, ರಜೆಯ ದಿನಗಳಿಗೆ ಯಾರು. ನಮ್ಮ ಕಡೆಯ ತೊಂದರೆ ಬೇರೆಯೇ. ಫೋನಿಗೆ ಸಿಗ್ನಲ್ ಇಲ್ಲದ, ಬಸ್ಸಿಳಿದು ಎರಡು ಮೈಲಿ ತೋಟದೊಳಗಿರುವ ಮನೆಯಲ್ಲಿ, ಎಡೆಬಿಡದ ಮಳೆಯಲ್ಲಿ ಹೊರಗಿನವರು ಬೇಸತ್ತು ಹೋಗಿಬಿಡುತ್ತಾರೆ. ಅವರನ್ನು ದೂರುವಂತಿಲ್ಲ.

ಅಕ್ಕಪಕ್ಕದ ತೋಟದ ಕೆಲಸದವರ ಲೈನ್ ಮನೆಯಿಂದಲೋ ಊರಿಂದಲೋ ಹಗಲು ಬಂದುಹೋಗುವ ಅಕ್ಕ ಮಳೆಗೆ ಹೆದರುವವರಲ್ಲ, ಅಜ್ಜಿಯ ಮಾತೂ ಅವರಿಗೆ ತಿಳಿಯುತ್ತದೆ. ಅವರು ತಪ್ಪಿಸುವುದು ಕಾಫಿ ಕುಯ್ಲಿನಲ್ಲಿ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಕಿಲೋ ಲೆಕ್ಕದಲ್ಲಿ ಹಣ್ಣು ಕುಯ್ದರೆ ಕೈಗೆ ಬರುವ ದುಡ್ಡು ನಿಮ್ಮ ದಿನಗೂಲಿಗಿಂತ ಹೆಚ್ಚಿರುತ್ತದೆ. ಆ ನಾಲ್ಕು ತಿಂಗಳಿಗೆ ಸಂಬಳ ಏರಿಸುವ ಮಾತನ್ನು ಹುತ್ತರಿಗೆ ಮುಂಚೆಯೇ ಆಡಿಬಿಡಿ. ಇನ್ನೊಂದು ಮಿತಿ ಆನೆ. ಆನೆ ಓಡಾಡುವ ಊರುಗಳಲ್ಲಿ ಅವರು ಸಂಜೆ ಐದರೊಳಗೆ ಮನೆ ಸೇರಬೇಕು, ತಡವಾದರೆ ಬಿಟ್ಟುಬರುವುದು ನಿಮ್ಮ ಜವಾಬ್ದಾರಿ.

ಕೆಲಸ ಕಲಿಸಲು ಒಂದು ವಾರ ಜೊತೆಗೆ ನಿಲ್ಲಬೇಕಾಗುತ್ತದೆ. ಮುಖ್ಯವಾಗಿ ಎತ್ತುವ ಕ್ರಮ: ಕಂಕುಳಿಗೆ ಕೈಹಾಕಿ ಎತ್ತಬಾರದು, ಪಾರ್ಶ್ವವಾಯುವಿನ ಭುಜ ಕೀಲು ತಪ್ಪುತ್ತದೆ. ಸೊಂಟಕ್ಕೆ ಅಗಲ ಬೆಲ್ಟ್ ಕಟ್ಟಿ ಅದನ್ನೇ ಹಿಡಿಯಬೇಕು. ಹಾಸಿಗೆಯಲ್ಲಿ ಮೇಲಕ್ಕೆ ಸರಿಸುವಾಗ ಅಡಿಯ ಬೆಡ್‌ಶೀಟನ್ನು ಇಬ್ಬರು ಹಿಡಿದು ಎತ್ತಿ ಸರಿಸಬೇಕು, ದರದರ ಎಳೆದರೆ ಚರ್ಮ ಸುಲಿಯುತ್ತದೆ. ಊಟ ಕೂರಿಸಿಯೇ ಕೊಡಬೇಕು, ಆಮೇಲೂ ಅರ್ಧ ಗಂಟೆ ಮಲಗಿಸಬಾರದು. ಇಷ್ಟು ಕಲಿತ ಊರಿನ ಅಕ್ಕ, ಜೊತೆಗೆ ರಾತ್ರಿಗೆ ಮನೆಯವರು. ವರ್ಷವಿಡೀ ನಿಲ್ಲುವ ಏರ್ಪಾಡು ಎಂದರೆ ಇದು. ಆಸ್ಪತ್ರೆಯಿಂದ ಬಂದ ಮೊದಲ ತಿಂಗಳಿಗೆ ಮಾತ್ರ ಹೋಂ ನರ್ಸ್ ಇಟ್ಟುಕೊಂಡು ಅವರಿಂದಲೇ ಅಕ್ಕನಿಗೆ ಕಲಿಸಿದರೆ ಎರಡರ ಲಾಭವೂ ಸಿಗುತ್ತದೆ.

ಪಂಚಾಯಿತಿ, ಇಲಾಖೆ

ಆಶಾ ಕಾರ್ಯಕರ್ತೆ ಎಲ್ಲರಿಗೂ ಗೊತ್ತು. ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕೇಳುವವರು ಕಡಿಮೆ. ಅಂಗವಿಕಲರ ಯುಡಿಐಡಿ ಕಾರ್ಡಿನ ಅರ್ಜಿ ತುಂಬಿಸುವುದು ಅವರ ಕೆಲಸವೇ. ಹೆಚ್ಚಿನ ಸೌಲಭ್ಯಕ್ಕೆ ಶೇಕಡ 40ರ ಅಂಗವೈಕಲ್ಯ ಬೇಕು. ಬಿಪಿಎಲ್ ಕುಟುಂಬದ 60 ದಾಟಿದವರಿಗೆ ರಾಷ್ಟ್ರೀಯ ವಯೋಶ್ರೀ ಯೋಜನೆಯ ಶಿಬಿರಗಳಲ್ಲಿ ಗಾಲಿಕುರ್ಚಿ, ವಾಕರ್, ಶ್ರವಣ ಯಂತ್ರ ಉಚಿತವಾಗಿ ಸಿಗುತ್ತವೆ. ಅಲ್ಲಿಯೂ ಬಾಗಿಲಿನ ಅಳತೆ ಬರೆದುಕೊಂಡೇ ಹೋಗಿ. 65 ದಾಟಿದವರ ಸಂಧ್ಯಾ ಸುರಕ್ಷಾ ಪಿಂಚಣಿ ಮತ್ತು ಅಂಗವಿಕಲ ಪಿಂಚಣಿ ಎರಡನ್ನೂ ಒಟ್ಟಿಗೆ ಪಡೆಯುವಂತಿಲ್ಲ, ಯಾವುದು ಹೆಚ್ಚೆಂದು ನಾಡಕಚೇರಿಯಲ್ಲಿ ಕೇಳಿಯೇ ಅರ್ಜಿ ಹಾಕಿ. ಹಿರಿಯರ ಸಹಾಯವಾಣಿ 14567 ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ ಸಿಗುತ್ತದೆ. ಯುಡಿಐಡಿ ತಪಾಸಣೆಗೆ ಹಿರಿಯರನ್ನು ಆಸ್ಪತ್ರೆಗೆ ಕರೆದೊಯ್ಯಬೇಕಾದ್ದರಿಂದ ಅದನ್ನು ಮೇ ತಿಂಗಳೊಳಗೆ ಮುಗಿಸಿಕೊಳ್ಳಿ. ಹೋಗುವಾಗ ಆಧಾರ್, ಫೋಟೋ, ಡಿಸ್ಚಾರ್ಜ್ ಸಮ್ಮರಿಯ ಜೊತೆಗೆ ಒಂದು ಜೊತೆ ಬಟ್ಟೆ, ಯೂರಿನ್ ಪಾಟ್ ಇರಲಿ.