ಅಡಿಕೆ ಮಂಡಿಯಲ್ಲಿ ಮೈಕ್ರೋಸಾಫ್ಟ್ ಆಕ್ಸೆಸ್: ರೆಕಾರ್ಡ್ ಲಾಕ್ ಕಾಟ ತಪ್ಪಿದ್ದು ಹೇಗೆ

ಶಿವಮೊಗ್ಗದ ಒಂದು ಅಡಿಕೆ ಮಂಡಿಯಲ್ಲಿ ಲೆಕ್ಕ ನೋಡಿಕೊಳ್ಳುತ್ತೇನೆ. ಲಾಟು (ರೈತರು ತಂದ ಒಂದು ಕಂತು ಮಾಲು), ತೂಕ, ಪಟ್ಟಿ (ಮಾರಾಟದ ಬಿಲ್ಲು), ಹಮಾಲಿ ಎಲ್ಲವೂ 2011ರಿಂದ ಮೈಕ್ರೋಸಾಫ್ಟ್ ಕಂಪನಿಯ ಡೇಟಾಬೇಸ್ ತಂತ್ರಾಂಶವಾದ ಆಕ್ಸೆಸ್‌ನಲ್ಲೇ ಇವೆ. ಈಗ ಐದು ಕಂಪ್ಯೂಟರ್‌ಗಳು. ರೈತರ ಹೆಸರನ್ನು ಯೂನಿಕೋಡ್ ಕನ್ನಡದಲ್ಲಿ ಹೊಡೆಯುತ್ತೇವೆ, ಹುಡುಕಿದರೆ ಥಟ್ಟನೆ ಸಿಗುತ್ತದೆ. ಆ ವಿಷಯದಲ್ಲಿ ತಕರಾರಿಲ್ಲ. ನಮ್ಮನ್ನು ಜಾಸ್ತಿ ಸತಾಯಿಸಿದ್ದು ರೆಕಾರ್ಡ್ ಲಾಕ್, ಅಂದರೆ ಒಬ್ಬರು ತಿದ್ದುತ್ತಿರುವ ದಾಖಲೆಯನ್ನು ಬೇರೆಯವರು ತಿದ್ದದಂತೆ ಬೀಳುವ ಬೀಗ.

ಸುಗ್ಗಿಯಲ್ಲಿ ಇದು ಶುರುವಾಯಿತು. ಪಟ್ಟಿ ಮಾಡುವವರು ದರ ಹಾಕಿ ಬಟನ್ ಒತ್ತಿದರೆ 3260 ನಂಬರಿನ ಎರರ್. 'ಆಡ್ಮಿನ್' ಎನ್ನುವವರು ಇಂಥ ಕಂಪ್ಯೂಟರ್‌ನಿಂದ ಲಾಕ್ ಮಾಡಿದ್ದಾರೆ ಅಂತ. ನಮ್ಮಲ್ಲಿ ಆಡ್ಮಿನ್ ಅಂತ ಯಾರೂ ಇಲ್ಲ! ಬೇರೆ ಲಾಗಿನ್ ಇಡದಿದ್ದರೆ ಎಲ್ಲರ ಹೆಸರೂ ಆಡ್ಮಿನ್ನೇ ಅಂತ ಆಮೇಲೆ ತಿಳಿಯಿತು. ನೋಡಬೇಕಾದದ್ದು ಅದರ ಪಕ್ಕದ ಕಂಪ್ಯೂಟರ್ ಹೆಸರು.

ಅದು ತಕ್ಕಡಿ ಹತ್ತಿರದ ಕಂಪ್ಯೂಟರ್. ಹೋಗಿ ನೋಡಿದೆ. ಒಂದು ಗೊರಬಲು (ಅಡಿಕೆಯ ಒಂದು ಬಗೆ) ಲಾಟಿನ ತೂಕ ಅರ್ಧ ಹೊಡೆದು ನಮ್ಮ ಹುಡುಗ ಕಾಫಿಗೆ ಹೋಗಿದ್ದ. ಫಾರ್ಮಿನ (ವಿವರ ತುಂಬುವ ಪರದೆಯ) ಎಡ ಅಂಚಿನಲ್ಲಿ ಪುಟ್ಟ ಪೆನ್ಸಿಲ್ ಗುರುತು ಹಾಗೇ ಇತ್ತು. ಬರೆಯುವುದು ಇನ್ನೂ ಮುಗಿದಿಲ್ಲ ಅಂತ ಅದರ ಅರ್ಥ. ಎರಡು ಸಲ ಎಸ್ಕೇಪ್ ಒತ್ತಿದೆ, ಪೆನ್ಸಿಲ್ ಹೋಯಿತು. ಆ ಕಡೆಯಿಂದ 'ಸೇವ್ ಆಯ್ತು' ಅಂತ ಕೂಗಿದರು.

ಆದರೆ ಆ ಕಡೆ ಮಾಡುತ್ತಿದ್ದದ್ದು ಬೇರೆ ರೈತರ, 'ರಾಶಿ' ಎಂಬ ಇನ್ನೊಂದು ಬಗೆಯ ಅಡಿಕೆಯ ಪಟ್ಟಿ. ಗೊರಬಲು ಲಾಟಿಗೂ ಅದಕ್ಕೂ ಏನು ಸಂಬಂಧ? ಎರಡು ದಿನ ತಲೆ ಕೆಡಿಸಿಕೊಂಡೆ. ಆಕ್ಸೆಸ್ ತನ್ನ ಫೈಲನ್ನು 4 ಕೆಬಿಯ ಪುಟಗಳಾಗಿ ಇಡುತ್ತದೆ. ಬೆನ್ನುಬೆನ್ನಿಗೆ ಹೊಡೆದ ಲಾಟುಗಳು ಒಂದೇ ಪುಟದಲ್ಲಿ ಕೂರುತ್ತವೆ. ಲಾಕ್ ಪುಟಕ್ಕೇ ಬಿದ್ದರೆ ಅಕ್ಕಪಕ್ಕದ ಲಾಟುಗಳೂ ಸಿಕ್ಕಿಕೊಳ್ಳುತ್ತವೆ. ಒಂದೊಂದು ರೆಕಾರ್ಡಿಗೆ ಮಾತ್ರ ಲಾಕ್ ಹಾಕಿಸಲು ಆಪ್ಷನ್ಸ್‌ನ ಕ್ಲೈಂಟ್ ಸೆಟ್ಟಿಂಗ್ಸ್‌ನಲ್ಲಿ ಒಂದು ಟಿಕ್ ಇದೆ. ಬೆಳಿಗ್ಗೆ ಮೊದಲು ಫೈಲ್ ತೆರೆದವರ ಸೆಟ್ಟಿಂಗೇ ಎಲ್ಲರಿಗೂ ಅನ್ವಯಿಸುತ್ತದೆ. ನಮ್ಮಲ್ಲಿ ಮೊದಲು ತೆರೆಯುವುದು ತಕ್ಕಡಿ ಕಂಪ್ಯೂಟರ್. ಅದರಲ್ಲಿ ಆ ಟಿಕ್ ಯಾರೋ ತೆಗೆದಿದ್ದರು! ಐದರಲ್ಲೂ ನೋಡಿ ಹಾಕಿದೆ.

ಇನ್ನೊಂದು ತಪ್ಪೂ ನಮ್ಮದೇ. ಐವರೂ ಶೇರ್ ಫೋಲ್ಡರಿನ ಒಂದೇ ಫೈಲನ್ನು ತೆರೆಯುತ್ತಿದ್ದೆವು. ಡೇಟಾಬೇಸ್ ಟೂಲ್ಸ್‌ನಲ್ಲಿ ಇದನ್ನು ಎರಡಾಗಿ ಒಡೆಯುವ ಸೌಲಭ್ಯ ಇದೆ. ಈಗ ಮಾಹಿತಿ ಇರುವ ಟೇಬಲ್‌ಗಳು ಒಂದು ಕಡೆ, ಫಾರ್ಮ್‌ಗಳ ಫೈಲ್ ಪ್ರತಿ ಕಂಪ್ಯೂಟರಿಗೂ ಅದರದೇ ಪ್ರತಿ. ಹಂಚಿಕೊಂಡು ಬಳಸುವವರು ಮೊದಲ ದಿನವೇ ಇದನ್ನು ಮಾಡಿ, ದಯವಿಟ್ಟು. ನಾವು ಸುಮ್ನೆ ಮೂರು ಸುಗ್ಗಿ ಕಳೆದೆವು.

ಫೋಲ್ಡರಿನ ಅನುಮತಿಯನ್ನೂ ನೋಡಿಕೊಳ್ಳಿ. ಫೈಲ್ ತೆರೆದಾಗ ಪಕ್ಕದಲ್ಲೇ ಅದೇ ಹೆಸರಿನ, ಕೊನೆಯಲ್ಲಿ ಎಲ್‌ಎಸಿಸಿಡಿಬಿ ಎಂದಿರುವ ಲಾಕ್ ಫೈಲ್ ಹುಟ್ಟುತ್ತದೆ. ಕೊನೆಯವರು ಮುಚ್ಚಿದಾಗ ಅಳಿಯುತ್ತದೆ. ಹಾಗಾಗಿ ಎಲ್ಲರಿಗೂ ಆ ಫೋಲ್ಡರಿನಲ್ಲಿ ಫೈಲ್ ಮಾಡುವ, ಅಳಿಸುವ ಹಕ್ಕು ಬೇಕು. ನೋಟ್‌ಪ್ಯಾಡಿನಲ್ಲಿ ಅದನ್ನು ತೆರೆದರೆ ಕಂಪ್ಯೂಟರ್ ಹೆಸರುಗಳು ಕಾಣುತ್ತವೆ. ಹೊರಗೆ ಹೋದವರ ಹೆಸರೂ ಅದರಲ್ಲಿ ಉಳಿದಿರಬಹುದು, ಹೆಸರಿದೆ ಅಂತ ಒಳಗಿದ್ದಾರೆ ಅಂದುಕೊಳ್ಳಬೇಡಿ. ಕರೆಂಟ್ ಹೋಗಿ ಅದು ಹಾಗೇ ಉಳಿದರೆ, ಎಲ್ಲರೂ ಮುಚ್ಚಿದ್ದಾರೆ ಅಂತ ಖಾತ್ರಿ ಮಾಡಿಕೊಂಡೇ ಅಳಿಸಿ. ಆಮೇಲೆ ಬ್ಯಾಕಪ್ ತೆಗೆದು ಕಾಂಪ್ಯಾಕ್ಟ್ ಅಂಡ್ ರಿಪೇರ್ (ಫೈಲನ್ನು ಕುಗ್ಗಿಸಿ ಸರಿಪಡಿಸುವ ಸೌಲಭ್ಯ) ಮಾಡಿ.

ಫಾರ್ಮಿನಲ್ಲಿ 'ನೋ ಲಾಕ್ಸ್' (ತಿದ್ದುವಾಗ ಲಾಕ್ ಬೇಡ) ಅಂತ ಇಟ್ಟರೆ, ಒಬ್ಬರು ಅರ್ಧ ಬರೆದು ಬಿಟ್ಟದ್ದರಿಂದ ಬೇರೆಯವರು ಸಿಕ್ಕಿಕೊಳ್ಳುವ ಕಾಟ ಹೋಗುತ್ತದೆ. ಆದರೆ ಇಬ್ಬರು ಒಂದೇ ರೆಕಾರ್ಡ್ ತಿದ್ದಿದರೆ 'ರೈಟ್ ಕಾನ್‌ಫ್ಲಿಕ್ಟ್' ಬರುತ್ತದೆ. ಅಲ್ಲಿ ಸೇವ್ ಒತ್ತಿದರೆ ಇನ್ನೊಬ್ಬರು ಹಾಕಿದ್ದು ಅಳಿದುಹೋಗುತ್ತದೆ. ದುಡ್ಡಿನ ವಿಷಯ, ಅಲ್ವಾ? ನಮ್ಮವರಿಗೆ ಹೇಳಿರುವುದು ಇಷ್ಟೇ: ನಿಮ್ಮದನ್ನು ಬಿಡಿ, ಹೊಸದಾಗಿ ನೋಡಿ, ಮತ್ತೆ ಹಾಕಿ.

ಒಂದು ಆಕ್ಸೆಸ್ ಫೈಲನ್ನು 255 ಜನ ಒಟ್ಟಿಗೆ ಬಳಸಬಹುದು ಅಂತ ಇದೆ. ನಾನಾದರೆ ಹತ್ತು ಜನ ದಾಟಿದರೆ ಬೇರೆ ದಾರಿ ನೋಡಿ ಅನ್ನುತ್ತೇನೆ. ವೈಫೈ ಮೇಲಂತೂ ಓಡಿಸಬೇಡಿ, ನಡುವೆ ಕಡಿದರೆ ಫೈಲೇ ಕೆಡಬಹುದು. ಸಾವಿರಾರು ಸಾಲು ಒಮ್ಮೆಲೇ ತಿದ್ದುವ ಕ್ವೆರಿಗೆ (ಡೇಟಾಬೇಸಿಗೆ ಕೊಡುವ ಆದೇಶಕ್ಕೆ) ಒಂದೊಂದು ರೆಕಾರ್ಡಿಗೆ ಲಾಕ್ ಹಾಕಿಸುವ ಆ ಟಿಕ್ ಲೆಕ್ಕಕ್ಕಿಲ್ಲ, ಲಾಕ್ ಪುಟಕ್ಕೇ ಬೀಳುತ್ತದೆ. ವರ್ಷದ ಲೆಕ್ಕ ಮುಗಿಸುವ ಆ ಕೆಲಸವನ್ನು ಸಂಜೆ ಎಲ್ಲರೂ ಮನೆಗೆ ಹೋದ ಮೇಲೆ ನಾನೊಬ್ಬನೇ ಕೂತು ಮಾಡುತ್ತೇನೆ.