ಮನೆ ಕೊಳ್ಳುವಾಗ ಯಾವುದನ್ನು ನಂಬುವುದು: ಇಂಧನ ದಕ್ಷತೆಯ ಪ್ರಮಾಣಪತ್ರವನ್ನೋ, ಗ್ಯಾಸು, ವಿದ್ಯುತ್ತಿನ ಹಳೆಯ ಬಿಲ್ಲುಗಳನ್ನೋ?

ಇಂಗ್ಲೆಂಡಿನಲ್ಲಿ ಮನೆ ಮಾರುವಾಗ ಒದಗಿಸಬೇಕಾದ ಇಂಧನ ದಕ್ಷತೆಯ ಪ್ರಮಾಣಪತ್ರವು ಮನೆಗೆ ‘ಎ’ಯಿಂದ ‘ಜಿ’ವರೆಗಿನ ಒಂದು ಶ್ರೇಣಿಯನ್ನು ನೀಡುತ್ತದೆ ಮತ್ತು 10 ವರ್ಷ ಊರ್ಜಿತವಾಗಿರುತ್ತದೆ. ಒಂಬತ್ತು ವರ್ಷದ ಹಿಂದಿನ ಪತ್ರಕ್ಕೆ ಆಮೇಲೆ ಬದಲಾದ, ಮನೆ ಬಿಸಿಮಾಡುವ ಬಾಯ್ಲರಿನ ಸಂಗತಿ ತಿಳಿದಿರುವುದಿಲ್ಲ ಎಂಬುದು ಸಣ್ಣ ದೋಷ.

ದೊಡ್ಡ ದೋಷ ಬೇರೆಯಿದೆ. ಪರಿಶೀಲಕರು ಅಟ್ಟದ ಮುಚ್ಚಳ ತೆರೆದು ಶಾಖನಿರೋಧಕ ಪದರದ ದಪ್ಪವನ್ನು ಟೇಪು ಹಿಡಿದು ಅಳೆಯಬಲ್ಲರಾದರೂ ಗೋಡೆಯನ್ನು ಕೊರೆದು ನೋಡುವುದಿಲ್ಲವಾದ್ದರಿಂದ, ದಾಖಲೆಗಳಿಲ್ಲದಿದ್ದರೆ, ಮನೆ ಕಟ್ಟಿದ ಕಾಲವನ್ನು ಆಧರಿಸಿ ಗೋಡೆಯ ಗುಣವನ್ನು ಊಹಿಸಿಕೊಳ್ಳುತ್ತಾರೆ. ಶ್ರೇಣಿಯ ಲೆಕ್ಕವೂ ವಾಸದ ಕೋಣೆಯನ್ನು 21 ಡಿಗ್ರಿ ಸೆಲ್ಸಿಯಸ್‌ಗೆ ಬಿಸಿಮಾಡುವ ಕಾಲ್ಪನಿಕ ಕುಟುಂಬವೊಂದರದು.

ಬಿಲ್ಲುಗಳು ನಿಜವಾಗಿ ಸುಟ್ಟ ಇಂಧನವನ್ನು ಹೇಳುತ್ತವೆ; ಆದರೆ ಅದು ಮನೆಯ ಗುಣವೋ, ಇದ್ದವರ ಅಭ್ಯಾಸವೋ ಎಂಬುದನ್ನು ಹೇಳುವುದಿಲ್ಲ. ಒಂದೇ ಕೋಣೆಯನ್ನು ಬಿಸಿಮಾಡಿಕೊಂಡು ಕಂಬಳಿ ಹೊದ್ದು ಕುಳಿತಿದ್ದವರ ಬಿಲ್ಲು ಯಾವ ಮನೆಯನ್ನಾದರೂ ಮಿತವ್ಯಯಿಯಾಗಿ ತೋರಿಸೀತು! ದರ ಏರಿಳಿಯುವುದರಿಂದ ಹಣವನ್ನಲ್ಲ, ಯೂನಿಟ್ಟುಗಳನ್ನು ನೋಡಬೇಕು.

ಹಲವು ಮನೆಗಳನ್ನು ಜರಡಿ ಹಿಡಿಯಲು ಪ್ರಮಾಣಪತ್ರ ಸಾಕು. ಎಲ್ಲಕ್ಕೂ ಒಂದೇ ಊಹೆ ಅನ್ವಯಿಸುವುದೇ ಅಲ್ಲಿ ಅದರ ಬಲ. ಎರಡು ಮನೆಗಳು ಉಳಿದಾಗ ನಾನು ಬಿಲ್ಲುಗಳನ್ನೇ ಕೇಳುತ್ತೇನೆ. ದುರಸ್ತಿಗೆ ದೊಡ್ಡ ಮೊತ್ತ ಸುರಿಯುವುದಿದ್ದರೆ ಮಾತ್ರ, ಬಾಗಿಲಿಗೆ ಫ್ಯಾನು ಕೂಡಿಸಿ 50 ಪಾಸ್ಕಲ್ ಒತ್ತಡದ ವ್ಯತ್ಯಾಸದಲ್ಲಿ ಗಾಳಿಯ ಸೋರಿಕೆಯನ್ನು ಅಳೆಯುವ ಪರೀಕ್ಷೆ ಖರ್ಚಿಗೆ ತಕ್ಕುದು. ಆಗ ಕಿಟಕಿಯ ಚೌಕಟ್ಟಿನ ಬಳಿ ಅಂಗೈ ಹಿಡಿದರೆ ತಣ್ಣನೆಯ ಗಾಳಿ ನುಸುಳುವ ಜಾಗವೇ ಗೊತ್ತಾಗುತ್ತದೆ.