ಟ್ರಾಪ್ಸ್‌ಗೆ ಯಾವ ಲಿಫ್ಟ್? ಪವರ್ ಕ್ಲೀನ್, ಹೈ ಪುಲ್, ಪವರ್ ಶ್ರಗ್: ಮಾಡಿ ನೋಡಿದ ಹೋಲಿಕೆ

ಮೇಲ್ಬೆನ್ನು, ಟ್ರಾಪ್ಸ್ (ಕತ್ತಿನಿಂದ ಬೆನ್ನಿಗೆ ಹರಡಿದ ಸ್ನಾಯು) ದಪ್ಪಗಾಗಬೇಕು ಅನ್ನುವುದೊಂದೇ ಗುರಿಯಾದರೆ ನನ್ನ ಓಟು ಸ್ನ್ಯಾಚ್ ಗ್ರಿಪ್ ಹೈ ಪುಲ್‌ಗೆ, ಅಂದರೆ ಬಾರನ್ನು ಅಗಲಕ್ಕೆ ಹಿಡಿದು ಎದೆಯವರೆಗೆ ಎಳೆಯುವುದಕ್ಕೆ. ಪವರ್ ಕ್ಲೀನ್ (ಬಾರನ್ನು ನೆಲದಿಂದ ಭುಜಕ್ಕೆ ಎತ್ತುವುದು) ಎರಡನೆಯದು, ಪವರ್ ಶ್ರಗ್ (ಬಾರು ಹಿಡಿದು ಹೆಗಲು ಮಾತ್ರ ಎತ್ತುವುದು) ಮೂರನೆಯದು. ಗೋಣಿಕೊಪ್ಪದ ಜಿಮ್ಮಿನಲ್ಲಿ ಹೀಗೆ ಹೇಳಿದರೆ ಅರ್ಧ ಜನ ಒಪ್ಪುವುದಿಲ್ಲ. ಅಲ್ಲಿ ಟ್ರಾಪ್ಸ್ ಅಂದರೆ ಕೈಯಲ್ಲಿ ಡಂಬೆಲ್ ಹಿಡಿದು ಕನ್ನಡಿ ಮುಂದೆ ಹೆಗಲು ಕುಣಿಸುವುದು. ಕ್ಲೀನ್ ಮಾಡುವವರು ಹಾಕಿ ಹುಡುಗರು ಮಾತ್ರ, ಅದೂ ಕೋಚ್ ಹೇಳಿದ್ದಕ್ಕೆ. ನಾನು ಮೂರನ್ನೂ ಸರದಿಯ ಮೇಲೆ ಮುಖ್ಯ ಲಿಫ್ಟ್ ಮಾಡಿಕೊಂಡು ನೋಡಿದ್ದೇನೆ.

ಹೆಚ್ಚಿನದೆಲ್ಲ ಮನೆಯಲ್ಲೇ. ಕಾಫಿ ಒಣಗಿಸುವ ಕಣದ ಪಕ್ಕ ಒಂದು ಶೆಡ್ಡು, 20 ಕೆಜಿ ಬಾರು, ಕಬ್ಬಿಣದ ಪ್ಲೇಟು, ನೆಲಕ್ಕೆ ದನದ ಕೊಟ್ಟಿಗೆಗೆ ಹಾಸುವ ರಬ್ಬರ್ ಮ್ಯಾಟು. ಬಂಪರ್ ಪ್ಲೇಟ್ (ಕೆಳಗೆ ಬಿಟ್ಟರೂ ತಡೆಯುವ ರಬ್ಬರ್ ಪ್ಲೇಟು) ಇಲ್ಲ, ಹಾಗಾಗಿ ಎತ್ತಿದ್ದನ್ನು ಮೇಲಿಂದ ಬಿಡುವ ಹಾಗಿಲ್ಲ, ಕೈಯಾರೆ ಇಳಿಸಬೇಕು. ಕೊನೆಗೆ ನನ್ನ ಲೆಕ್ಕಾಚಾರ ತಿರುಗಿದ್ದೇ ಈ ಕಾರಣಕ್ಕೆ.

ಟ್ರಾಪ್ಸ್ ಅಂದರೆ ಕತ್ತಿನ ಎರಡು ಬದಿ ಉಬ್ಬಿ ಕಾಣುವಷ್ಟೇ ಅಂದುಕೊಂಡವರು ಬಹಳ. ಆ ಸ್ನಾಯು ತಲೆಬುರುಡೆಯ ಬುಡದಿಂದ ಬೆನ್ನಿನ ನಡುವಿನವರೆಗೆ ಹರಡಿದೆ. ಮೇಲಿನ ಭಾಗ ಹೆಗಲನ್ನು ಎತ್ತುತ್ತದೆ, ನಡುವಿನದು ಹೆಗಲಿನ ಹಲಗೆ ಮೂಳೆಗಳನ್ನು ಹಿಂದಕ್ಕೆ ಎಳೆಯುತ್ತದೆ, ಕೆಳಗಿನದು ಅವನ್ನು ಕೆಳಕ್ಕೆ ಜಗ್ಗುತ್ತದೆ. ಯಾವ ಲಿಫ್ಟ್ ಇದರಲ್ಲಿ ಎಷ್ಟು ಭಾಗಕ್ಕೆ ಕೆಲಸ ಕೊಡುತ್ತದೆ ಅನ್ನುವುದೇ ಪ್ರಶ್ನೆ.

ಪವರ್ ಕ್ಲೀನ್ ಚೆಂದದ ಲಿಫ್ಟ್, ಅದರಲ್ಲಿ ಎರಡು ಮಾತಿಲ್ಲ. ನೆಲದಿಂದ ಎದ್ದ ಬಾರು ತೊಡೆ ದಾಟುವಾಗ ಸೊಂಟ, ಮಂಡಿ ಒಟ್ಟಿಗೆ ಚಿಮ್ಮಿ, ಹೆಗಲು ಒಮ್ಮೆ ಮೇಲೆದ್ದು, ಬಾರು ಭುಜದ ಮೇಲೆ ಬಂದು ಕೂರುತ್ತದೆ. ಆದರೆ ಹೆಗಲು ಎಳೆಯುವುದು ಕಣ್ಣು ಮಿಟುಕಿಸುವಷ್ಟು ಹೊತ್ತು. ಇನ್ನೊಂದು ತಮಾಷೆ ಇದೆ: ಕ್ಲೀನ್ ಚೆನ್ನಾಗಿ ಕಲಿತಷ್ಟೂ ಬಾರನ್ನು ಎತ್ತರಕ್ಕೆ ಎಳೆಯುವುದು ಕಡಿಮೆಯಾಗುತ್ತದೆ, ಅದರ ಕೆಳಗೆ ಬೇಗ ನುಗ್ಗುವುದು ಜಾಸ್ತಿಯಾಗುತ್ತದೆ. ನಮ್ಮ ಕುಂದಾಪುರ ಕಡೆಯ ಗುರುರಾಜ ಪೂಜಾರಿ 2022ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕೂಟದ 61 ಕೆಜಿ ವಿಭಾಗದಲ್ಲಿ ಕಂಚು ಗೆದ್ದಾಗ ಸ್ನ್ಯಾಚ್‌ನಲ್ಲಿ (ನೆಲದಿಂದ ಒಂದೇ ಎಳೆತಕ್ಕೆ ತಲೆಯ ಮೇಲೆ) 118, ಕ್ಲೀನ್ ಆ್ಯಂಡ್ ಜರ್ಕ್‌ನಲ್ಲಿ (ಮೊದಲು ಭುಜಕ್ಕೆ, ಆಮೇಲೆ ತಲೆಯ ಮೇಲೆ) 151, ಒಟ್ಟು 269 ಕೆಜಿ ಎತ್ತಿದರು. ಮೈತೂಕದ ಎರಡೂವರೆ ಪಟ್ಟಿನ ಹತ್ತಿರದ ಆ 151ನ್ನು ಯಾರೂ ಗಲ್ಲದವರೆಗೆ ಎಳೆದು ಹಾಕುವುದಿಲ್ಲ. ಕಾಲು ಮೇಲಕ್ಕೆ ಕಳಿಸುತ್ತದೆ, ಮನುಷ್ಯ ಅದರ ಕೆಳಗೆ ಕುಕ್ಕರಿಸುತ್ತಾನೆ.

ಹಾಗಾದರೆ ವೇಟ್‌ಲಿಫ್ಟರುಗಳ ಟ್ರಾಪ್ಸ್ ಅಷ್ಟು ದಪ್ಪ ಹೇಗೆ ಅಂತ ಕೇಳಬಹುದು. ಅವರು ವರ್ಷಗಟ್ಟಲೆ ಭಾರೀ ತೂಕ ಎಳೆಯುತ್ತಾರೆ. ಜೊತೆಗೆ ಬಾರನ್ನು ಭುಜದ ಮೇಲೋ ತಲೆಯ ಮೇಲೋ ಹಿಡಿದು ನಿಲ್ಲಿಸದೆ ಬರೀ ಎಳೆದು ಬಿಡುವ ಕ್ಲೀನ್ ಪುಲ್, ಸ್ನ್ಯಾಚ್ ಪುಲ್ ಅವರ ನಿತ್ಯದ ಅಭ್ಯಾಸದಲ್ಲೇ ಇವೆ. ನಾನು ವಾರಕ್ಕೆ ಎರಡು ಸಲ 70 ಕೆಜಿ ಕ್ಲೀನ್ ಮಾಡುವ ಮನುಷ್ಯ. ನನಗೆ ಟ್ರಾಪ್ಸ್ ಸುಸ್ತಾಗುವುದಕ್ಕೆ ಮೊದಲೇ ಸೊಂಟ ಸೋಲುತ್ತಿತ್ತು, ಮೂರನೇ ರೆಪ್ (ಬಿಡುವಿಲ್ಲದೆ ಎತ್ತುವಾಗಿನ ಒಂದೊಂದು ಸಲ) ದಾಟಿದರೆ ಮೊಣಕೈ ಮುಂದೆ ಬರುತ್ತಿರಲಿಲ್ಲ. ಬೆಂಚ್ ಪ್ರೆಸ್ ಹೊಡೆದು ಹೊಡೆದು ಮಣಿಕಟ್ಟು ಬಿಗಿಯಾದವರಿಗೆ ಭುಜದ ಮೇಲೆ ಬಾರು ಕೂರಿಸುವುದೇ ಒಂದು ಹಿಂಸೆ. ಮತ್ತೆ, ಕಬ್ಬಿಣದ ಪ್ಲೇಟಿನ ಬಾರನ್ನು ಭುಜದಿಂದ ತೊಡೆಗೆ, ತೊಡೆಯಿಂದ ನೆಲಕ್ಕೆ ಇಳಿಸುವ ಕೆಲಸ ಪ್ರತಿ ರೆಪ್ಪಿಗೂ ಇದ್ದೇ ಇದೆ.

ಈಗ ಹೈ ಪುಲ್. ಸ್ನ್ಯಾಚ್‌ಗೆ ಹಿಡಿಯುವಷ್ಟು ಅಗಲಕ್ಕೆ ಬಾರು ಹಿಡಿದು, ನೆಟ್ಟಗೆ ನಿಂತು, ಸೊಂಟ ಹಿಂದಕ್ಕೆ ತಳ್ಳಿ ಬಾರನ್ನು ಮಂಡಿಯ ಮೇಲಿನವರೆಗೆ ಇಳಿಸಬೇಕು. ಅಲ್ಲಿಂದ ಸೊಂಟ ಚಿಮ್ಮಿಸಿ, ಹೆಗಲೆತ್ತಿ, ಮೊಣಕೈಗಳನ್ನು ಹೊರಗೂ ಮೇಲಕ್ಕೂ ಎಳೆದರೆ ಬಾರು ಎದೆಯ ಕೆಳಭಾಗಕ್ಕೆ ಬರುತ್ತದೆ. ಅಗಲ ಹಿಡಿತದಿಂದ ತೋಳು ಪಕ್ಕಕ್ಕೆ ತೆರೆದುಕೊಳ್ಳುವುದರಿಂದ ಮೇಲಿನ ಟ್ರಾಪ್ಸ್ ಜೊತೆ ನಡುವಿನದು, ರಾಂಬಾಯ್ಡ್ (ಹಲಗೆ ಮೂಳೆಗಳ ನಡುವಿನ ಸ್ನಾಯು), ಭುಜದ ಹಿಂಭಾಗ ಎಲ್ಲ ಕೆಲಸಕ್ಕೆ ಇಳಿಯುತ್ತವೆ. ಕಿರಿದಾದ ಹಿಡಿತದ ಅಪ್‌ರೈಟ್ ರೋ (ನಿಂತು ಬಾರನ್ನು ಬರೀ ಕೈಯಿಂದ ಗಲ್ಲದ ಕಡೆ ಎಳೆಯುವುದು) ಮಾಡಿದರೆ ನನ್ನ ಭುಜದ ಕೀಲು ಚುಚ್ಚುತ್ತದೆ, ಇದರಲ್ಲಿ ಆ ತೊಂದರೆ ಇಲ್ಲ.

ನನಗೆ ಹೆಚ್ಚು ಹಿಡಿಸಿದ್ದು ಇಳಿಯುವ ಹಂತ. ಮೇಲೆ ಹೋದ ಬಾರು ವಾಪಸು ಬೀಳುವಾಗ ಅದನ್ನು ತೊಡೆಯ ಹತ್ತಿರ ತಡೆದು ನಿಲ್ಲಿಸುವುದು ಟ್ರಾಪ್ಸ್ ಮತ್ತು ಮೇಲ್ಬೆನ್ನು. ಬಂಪರ್ ಪ್ಲೇಟ್ ಇದ್ದವರು ಧಡ್ ಅಂತ ಬಿಟ್ಟು ಕಳೆದುಕೊಳ್ಳುವ ಈ ಕೆಲಸ ನಮಗೆ ಪುಕ್ಕಟೆ ಸಿಗುತ್ತದೆ. ಬಾರನ್ನು ಭುಜದ ಮೇಲೆ ಹಿಡಿಯುವ ಗೋಜಿಲ್ಲದ್ದರಿಂದ ಐದಾರು ರೆಪ್ ಆರಾಮಾಗಿ ಆಗುತ್ತವೆ. ಮರುದಿನ ನೋವು ಕೂತಿದ್ದು ಹಲಗೆ ಮೂಳೆಗಳ ನಡುವೆ, ಕ್ಲೀನ್ ಮಾಡಿದಾಗ ಅಲ್ಲಿ ಎಂದೂ ಹಾಗೆ ಅನಿಸಿರಲಿಲ್ಲ.

ತೂಕದ ವಿಷಯದಲ್ಲಿ ಮಾತ್ರ ಬಿಗಿ ಇರಬೇಕು. ನನಗೆ 60 ಕೆಜಿ ಸರಿ ಹೋಗುತ್ತದೆ. 70 ಹಾಕಿದರೆ ಬಾರು ಹೊಕ್ಕುಳಿಗೇ ನಿಲ್ಲುತ್ತದೆ, ಆಗ ಎದೆಯೇ ಬಗ್ಗಿ ಬಾರಿನ ಹತ್ತಿರ ಹೋಗಲು ನೋಡುತ್ತದೆ. ಹಾಗಾದ ಕೂಡಲೇ ಪ್ಲೇಟ್ ತೆಗೆಯಿರಿ. ಸೊಂಟ ನೆಟ್ಟಗಾಗುವ ಮೊದಲೇ ಕೈ ಮಡಚಿದರೂ ಕೆಟ್ಟಿತು, ಅದು ಬರೀ ತೋಳಿನ ಜಗ್ಗಾಟ. ಅಗಲ ಹಿಡಿತದಲ್ಲಿ ಹೆಬ್ಬೆರಳು ಬೇಗ ಸೋಲುವುದರಿಂದ ಸ್ಟ್ರ್ಯಾಪ್ (ಮಣಿಕಟ್ಟಿನಿಂದ ಬಾರಿಗೆ ಸುತ್ತುವ ಪಟ್ಟಿ) ಬೇಕೇ ಬೇಕು. ನಮ್ಮ ಮಳೆಗಾಲದಲ್ಲಂತೂ ಚಾಕ್ ಪುಡಿ ಕೈಯಲ್ಲೇ ಹಿಟ್ಟಾಗುತ್ತದೆ. (ಜೂನ್‌ನಿಂದ ಆಗಸ್ಟ್‌ವರೆಗೆ ಬಾರಿಗೆ ತುಕ್ಕು ಹತ್ತದ ಹಾಗೆ ಎಣ್ಣೆ ಬಳಿಯುವುದು, ಎತ್ತುವ ಮೊದಲು ಅದೇ ಎಣ್ಣೆ ಒರೆಸುವುದು: ಈ ವ್ಯಾಯಾಮಕ್ಕೆ ಯಾರೂ ಹೆಸರಿಟ್ಟಿಲ್ಲ.)

ಪವರ್ ಶ್ರಗ್ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಮಂಡಿ ಸ್ವಲ್ಪ ಬಗ್ಗಿಸಿ, ಕಾಲಿನ ಜೋರಿನಿಂದ ಹೆಗಲೆತ್ತುವುದು. 110 ಕೆಜಿ ಹಾಕಬಹುದು, ನೋಡುವವರಿಗೂ ಖುಷಿ. ಆದರೆ ಬಾರು ಓಡಾಡುವುದು ಕೆಲವೇ ಇಂಚು, ದುಡಿಯುವುದು ಬಹುಪಾಲು ಮೇಲಿನ ಭಾಗ. ತೂಕ ಹೆಚ್ಚಾದಷ್ಟೂ ಹೆಗಲಿನ ಪಾಲು ಕಡಿಮೆಯಾಗಿ ಮಂಡಿಯ ಪಾಲು ಬೆಳೆಯುತ್ತದೆ, ಎತ್ತುವವನಿಗೆ ಅದು ಗೊತ್ತೂ ಆಗುವುದಿಲ್ಲ. ಹೈ ಪುಲ್ ಮುಗಿದ ಮೇಲೆ ಎರಡು ಸೆಟ್ ಬಾಲಕ್ಕೆ ಕಟ್ಟಿಕೊಳ್ಳಲು ಅಡ್ಡಿಯಿಲ್ಲ. ಪವರ್ ಸ್ನ್ಯಾಚ್ ಯಾಕೆ ಪಟ್ಟಿಯಲ್ಲಿಲ್ಲ ಅಂದರೆ, ಅದರಲ್ಲಿ ಬಾರು ತಲೆಯ ಮೇಲೆ ಹೋಗಬೇಕು, ನನ್ನ ಶೆಡ್ಡಿನ ಶೀಟು ತಗ್ಗು.

ಪೊನ್ನಂಪೇಟೆಯಲ್ಲಿ ಹಾಕಿ ಆಡುವ ಹುಡುಗನೊಬ್ಬ ಇದನ್ನೆಲ್ಲ ಕೇಳಿ, “ಅಣ್ಣ, ಹೈ ಪುಲ್ ಅಂದ್ರೆ ಅರ್ಧಕ್ಕೆ ಬಿಟ್ಟ ಕ್ಲೀನ್ ತಾನೆ? ಪೂರ್ತಿ ಮಾಡೋಕೆ ಎಂಥ ಕಷ್ಟ?” ಅಂದ. ಅವನ ಮಟ್ಟಿಗೆ ಅದು ಸರಿಯೇ. ಅವನಿಗೆ ಬೇಕಾದ್ದು ಓಟದ ಮೊದಲ ಹೆಜ್ಜೆಯ ಸ್ಫೋಟ, ಎದುರಾಳಿ ಬಂದು ಗುದ್ದಿದರೂ ಕದಲದ ಮೈ. ಹೇಳಿಕೊಡಲು ಕೋಚ್ ಇದ್ದಾರೆ, ಮೈದಾನದ ಜಿಮ್ಮಿನಲ್ಲಿ ಬಂಪರ್ ಪ್ಲೇಟೂ ಇದೆ. ಅವನು ಕ್ಲೀನ್ ಬಿಡಬಾರದು. ಟ್ರಾಪ್ಸ್ ಅವನಿಗೆ ಜೊತೆಗೆ ಬರುವ ಲಾಭ, ನನಗೆ ಅದೇ ಅಸಲು.

ಈಗ ನಾನು ಮಾಡುವುದು ವಾರಕ್ಕೆ ಎರಡು ದಿನ, ಮೈ ಬಿಸಿಯಾದ ಕೂಡಲೇ, ಬೇರೆ ಯಾವುದೂ ಸುಸ್ತು ಮಾಡುವ ಮೊದಲು ಹೈ ಪುಲ್: ಐದು ರೆಪ್ಪಿನ ನಾಲ್ಕು ಸೆಟ್, ನಡುವೆ ಎರಡು ನಿಮಿಷ ಬಿಡುವು. ಅದರ ಹಿಂದೆಯೇ ಬಾರ್ಬೆಲ್ ರೋ (ಮುಂದೆ ಬಗ್ಗಿ ಬಾರನ್ನು ಹೊಟ್ಟೆಯ ಕಡೆ ಎಳೆಯುವುದು). ಭುಜದ ಕೀಲಿನಲ್ಲಿ ಹಳೇ ನೋವಿದ್ದವರು ಮೊಣಕೈ ಮಡಚದೆ, ಹೆಗಲೆತ್ತುವಲ್ಲಿಗೇ ನಿಲ್ಲಿಸಿ. ಅದೇ ಸ್ನ್ಯಾಚ್ ಪುಲ್, ಅದಕ್ಕೆ ಇನ್ನೂ 20 ಕೆಜಿ ಹೆಚ್ಚು ಹಾಕಬಹುದು.